ಹಳೇ ಮನೆಯ ಸಾಕೆಟ್‌ನಲ್ಲಿ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸಬಹುದೇ?

ಎರಡೇ ತಂತಿಯ ಹಳೇ ವೈರಿಂಗ್, ಫ್ರಿಜ್ ಮುಟ್ಟಿದರೆ ಜುಮ್ಮೆನ್ನುತ್ತದೆ, ಅರ್ಥ್ ಪಿನ್ನನ್ನು ಸಾಕೆಟ್‌ನಲ್ಲೇ ನ್ಯೂಟ್ರಲ್‌ಗೆ ಸೇರಿಸಲೇ ಎಂದು ಕೇಳಿದ್ದೀರಿ. ಬೇಡವೇ ಬೇಡ. ನ್ಯೂಟ್ರಲ್ ಎಲ್ಲೋ ಕಡಿದರೆ, ಅಥವಾ ಫೇಸ್-ನ್ಯೂಟ್ರಲ್ ಅದಲುಬದಲಾದರೆ, ಫ್ರಿಜ್ಜಿನ ಬಾಡಿಗೇ 230 ವೋಲ್ಟ್ ಬರುತ್ತದೆ. ನಲ್ಲಿ ಪೈಪಿಗೂ ಕಟ್ಟಬೇಡಿ. ನಡುವೆ ಒಂದು ತುಂಡು ಪಿವಿಸಿ ಇದ್ದರೆ ಅರ್ಥ್ ಅಲ್ಲಿಗೇ ಮುಗಿಯಿತು, ಕರೆಂಟ್ ಬಚ್ಚಲಿನ ನಲ್ಲಿಯಲ್ಲಿ ನಿಂತಿರುತ್ತದೆ.

ಹಾಗಂತ ನೆಲಕ್ಕೆ ಅರ್ಥ್ ರಾಡ್ ಇಳಿಸಿದ ಮಾತ್ರಕ್ಕೆ ನಿಶ್ಚಿಂತೆ ಅಂತಲೂ ಅಲ್ಲ. ಅರ್ಥ್‌ನ ರೋಧ (ಕರೆಂಟ್ ನೆಲಕ್ಕಿಳಿಯಲು ಇರುವ ಅಡ್ಡಿ) 5 ಓಮ್ ಬಂತು ಅನ್ನಿ, ಒಳ್ಳೆಯದೇ. ಫೇಸ್ ಬಾಡಿಗೆ ತಗುಲಿದರೆ ಹರಿಯುವುದು ಹೆಚ್ಚೆಂದರೆ 46 ಆಂಪಿಯರ್. 16 ಆಂಪಿಯರ್‌ನ ಸಿ-ಕರ್ವ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ತಕ್ಷಣ ಬೀಳಲು, ಅಂದರೆ ಆಫ್ ಆಗಲು, 80ರಿಂದ 160 ಆಂಪಿಯರ್ ಬೇಕು. ಅದು ಬಿಸಿಯಾಗಿ ಬೀಳುವ ತನಕ ಬಾಡಿ ಮುಟ್ಟಿದವರ ಗತಿ? ಅದಕ್ಕೇ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಹೋದ ಕರೆಂಟ್ ಅಷ್ಟೂ ಮರಳದೆ ಸೋರಿದರೆ ಸರಬರಾಜು ಕಡಿಯುವ ಸ್ವಿಚ್) ಕಡ್ಡಾಯ.

ರಾಡ್ 3 ಮೀಟರ್ ಉದ್ದದ್ದು, ತಾಮ್ರ ಲೇಪಿತ. ಗೋಡೆಯಿಂದ ಒಂದೂವರೆ ಮೀಟರ್ ದೂರ, ತೇವ ನಿಲ್ಲುವ ಜಾಗದಲ್ಲಿ ಇಳಿಸಿ. ಕ್ಲ್ಯಾಂಪನ್ನು ಕಾಂಕ್ರೀಟಿನಲ್ಲಿ ಹೂಳಬೇಡಿ, ಮುಚ್ಚಳ ತೆಗೆದರೆ ಕಾಣುವಂತಿರಲಿ; ಸಡಿಲವಾಗುವುದು, ತುಕ್ಕು ಹಿಡಿಯುವುದು ಅಲ್ಲೇ. ಅಲ್ಲಿಂದ ಬೋರ್ಡಿನ ಅರ್ಥ್ ಬಾರ್‌ಗೆ (ಅರ್ಥ್ ತಂತಿಗಳೆಲ್ಲ ಸೇರುವ ಲೋಹದ ಪಟ್ಟಿ) 16 ಚದರ ಮಿ.ಮೀ. ತಾಮ್ರದ ತಂತಿ, ಬಾರ್‌ನಿಂದ ಸಾಕೆಟ್‌ಗಳಿಗೆ ಫೇಸ್ ತಂತಿಯಷ್ಟೇ ದಪ್ಪದ ಹಸಿರು ತಂತಿ. ಹಳೇ ಪೈಪಿನಲ್ಲಿ ಎಳೆಯಲಾಗದಿದ್ದರೆ ಗೋಡೆ ಮೇಲೆ ಕೇಸಿಂಗ್ ಹಾಕಿ. ಚೆಂದ ಆಮೇಲೆ ನೋಡಿಕೊಳ್ಳಬಹುದು. ನಾನಾದರೆ ಗೀಸರ್, ವಾಷಿಂಗ್ ಮಷಿನ್, ಪಂಪ್, ಫ್ರಿಜ್ ಸಾಲಿನಿಂದ ಶುರು ಮಾಡುತ್ತೇನೆ.

ಹಳೇ ಮನೆಯಲ್ಲಿ ಆರ್‌ಸಿಸಿಬಿ ಹಾಕಿದ ದಿನವೇ ಬೀಳತೊಡಗುವುದು ಮಾಮೂಲು, ಜನ ಅದನ್ನೇ ಕಿತ್ತುಹಾಕುತ್ತಾರೆ. ತಪ್ಪು ಅದರದ್ದಲ್ಲ. ಅದರ ಮೂಲಕ ಹೋದ ಫೇಸ್‌ನ ನ್ಯೂಟ್ರಲ್ ಅದರ ಮೂಲಕವೇ ಮರಳಬೇಕು. ಹಳೇ ಜಂಕ್ಷನ್ ಬಾಕ್ಸಿನಲ್ಲಿ ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಜೊತೆ ಸೇರಿರುತ್ತದೆ, ಇಲ್ಲವೇ ಒದ್ದೆ ಗೋಡೆಯಲ್ಲಿ ಅರ್ಥ್‌ಗೆ ತಾಗಿರುತ್ತದೆ. ಉಪಕರಣಗಳನ್ನೆಲ್ಲ ಬಿಡಿಸಿ, ಮೇನ್ ಆಫ್ ಮಾಡಿ, 500 ವೋಲ್ಟ್ ಮೆಗ್ಗರ್‌ನಿಂದ (ತಂತಿಯ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುವ ಉಪಕರಣ) ಒಂದೊಂದೇ ಸಾಲು ಅಳೆಸಿ. 1 ಮೆಗಾಓಮ್‌ಗಿಂತ ಕೆಳಗಿದ್ದರೆ ಆ ಸಾಲಿನ ದೋಷ ಹುಡುಕಿ ಸರಿಪಡಿಸಲೇಬೇಕು, ಅಗತ್ಯವಿದ್ದರೆ ತಂತಿ ಬದಲಿಸಬೇಕು.

ಫೇಸ್-ಅರ್ಥ್ ನಡುವೆ ಬಲ್ಬ್ ಹಚ್ಚಿ ಪರೀಕ್ಷಿಸುವ ರೂಢಿ ಬಿಡಿ. ಅರ್ಥ್ ತಂತಿ ಎಲ್ಲಾದರೂ ತುಂಡಾಗಿದ್ದರೆ ಆ ಬಲ್ಬಿನ ಮೂಲಕ ಉಳಿದ ಸಾಕೆಟ್‌ಗಳ ಅರ್ಥ್ ಪಿನ್ನಿಗೂ ಕರೆಂಟ್ ಹಾಯುತ್ತದೆ. ಲೂಪ್ ಟೆಸ್ಟರ್ (ಅರ್ಥ್ ದಾರಿಯ ಓಮ್ ಅಳೆಯುವ ಉಪಕರಣ) ಇರುವ ಎಲೆಕ್ಟ್ರಿಷಿಯನ್‌ನನ್ನೇ ಕರೆಸಿ. ಅಲ್ಲಿಯವರೆಗೆ ಆ ಫ್ರಿಜ್ಜಿನ ಪ್ಲಗ್ ಕಿತ್ತಿಡಿ.