ಒಂದು ವೆಂಟಿಲೇಟರ್, ಇಬ್ಬರು ರೋಗಿಗಳು

ಪ್ರಶ್ನೆ: 2020ರ ಕೋವಿಡ್ ಸಮಯದಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಒಂದೇ ವೆಂಟಿಲೇಟರಿಗೆ ಇಬ್ಬರು ರೋಗಿಗಳನ್ನು ಜೋಡಿಸಿದ್ದರೆಂದು ಓದಿದ್ದೇನೆ. ಕೊಳವೆಯನ್ನು ಕವಲು ಮಾಡಿದರೆ ಎರಡು ಜೀವ ಉಳಿಯುವುದಾದರೆ, ವೈದ್ಯರ ಸಂಘಗಳು ಅದನ್ನು ಬೇಡವೆಂದದ್ದೇಕೆ?
– ಓದುಗರೊಬ್ಬರು, ಹಾಸನ

ಉತ್ತರ: ನೀವು ಓದಿದ್ದು ನಿಜ. ನ್ಯೂಯಾರ್ಕ್-ಪ್ರೆಸ್ಬಿಟೇರಿಯನ್ ಆಸ್ಪತ್ರೆಯ ವೈದ್ಯರು ಆ ಮಾರ್ಚಿನಲ್ಲಿ, ಬೇರೆ ದಾರಿಯಿಲ್ಲದಾಗ ಮಾತ್ರ ಬಳಸಬೇಕೆಂದು, ಇದಕ್ಕೊಂದು ವಿಧಾನವನ್ನೇ ರೂಪಿಸಿದ್ದರು. ಅದೇ ಮಾರ್ಚ್ 26ರಂದು ಅಮೆರಿಕದ ತೀವ್ರ ನಿಗಾ ತಜ್ಞರು, ಅರಿವಳಿಕೆ ತಜ್ಞರು ಮೊದಲಾದವರ ಸಂಘಗಳು ಜಂಟಿಯಾಗಿ ಇದನ್ನು ವಿರೋಧಿಸಿದವು.

ತೊಡಕಿರುವುದು ಶ್ವಾಸಕೋಶದಲ್ಲಿ. ಕಾಲುವೆಯ ನೀರು ತಗ್ಗಿನ ಗದ್ದೆಗೇ ಹೆಚ್ಚು ಹರಿಯುವಂತೆ, ಯಂತ್ರ ತಳ್ಳುವ ಗಾಳಿಯು ಇಬ್ಬರಲ್ಲಿ ಯಾರ ಶ್ವಾಸಕೋಶ ಮೃದುವಾಗಿದೆಯೋ ಅವರತ್ತಲೇ ಹೆಚ್ಚು ಹೋಗುತ್ತದೆ. ಕಾಯಿಲೆಯಿಂದ ಗಡುಸಾದ, ಗಾಳಿ ಹೆಚ್ಚು ಬೇಕಾದ ಶ್ವಾಸಕೋಶಕ್ಕೆ ಕಡಿಮೆ ಸಿಗುತ್ತದೆ. ಪ್ರತಿ ಉಸಿರಿಗೂ ಇಷ್ಟು ಗಾಳಿಯೆಂದು ಯಂತ್ರಕ್ಕೆ ನಿಗದಿ ಮಾಡಿದ್ದರೆ ಅಪಾಯ ಇನ್ನೂ ದೊಡ್ಡದು: ಒಬ್ಬರ ಕೊಳವೆಯಲ್ಲಿ ಕಫ ಕಟ್ಟಿದರೆ ಅವರ ಪಾಲೂ ಇನ್ನೊಬ್ಬರ ಎದೆಗೆ ನುಗ್ಗಿ ಶ್ವಾಸಕೋಶವನ್ನೇ ಗಾಯಗೊಳಿಸಬಹುದು. ಆದ್ದರಿಂದ ನಿಗದಿತ ಒತ್ತಡದ ವಿಧಾನವನ್ನು ಆರಿಸುತ್ತಾರೆ. ಆಗಲೂ ಯಂತ್ರವು ತೋರಿಸುವುದು ಇಬ್ಬರ ಒಟ್ಟು ಲೆಕ್ಕವನ್ನೇ. ಒಬ್ಬರ ಸ್ಥಿತಿ ಹದಗೆಡುತ್ತಿದ್ದರೂ ಅಲಾರಂ ಮೊಳಗದೇ ಇರಬಹುದು. ಒಬ್ಬರು ತಾವಾಗಿ ಉಸಿರೆಳೆದರೆ ಯಂತ್ರ ಇಬ್ಬರಿಗೂ ಗಾಳಿ ತಳ್ಳುವುದರಿಂದ, ಇಬ್ಬರನ್ನೂ ಗಾಢ ಮಂಪರಿನಲ್ಲಿಟ್ಟು ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧ ಕೊಡಬೇಕಾಗುತ್ತದೆ. ಒಬ್ಬರು ಚೇತರಿಸಿಕೊಂಡರೂ, ಜೋಡಿಯಲ್ಲಿ ಇರುವಷ್ಟು ಕಾಲ ಅವರನ್ನು ಮೆಲ್ಲಗೆ ಯಂತ್ರದಿಂದ ಬಿಡಿಸಲಾಗದು.

2006ರಲ್ಲಿ ಅಮೆರಿಕದ ಇಬ್ಬರು ತುರ್ತು ಚಿಕಿತ್ಸಾ ವೈದ್ಯರು ಒಂದೇ ಯಂತ್ರದಿಂದ ನಾಲ್ಕು ಕೃತಕ ಶ್ವಾಸಕೋಶಗಳನ್ನು ನಡೆಸಿ ತೋರಿಸಿದ್ದರು. 2008ರಲ್ಲಿ ನಾಲ್ಕು ಕುರಿಗಳ ಮೇಲೆ 12 ಗಂಟೆಗಳ ಪ್ರಯೋಗವಾಯಿತು. ಆದರೆ ಕೋವಿಡ್ ರೋಗಿಗಳ ಶ್ವಾಸಕೋಶಗಳು ಹಾಗೆ ಒಂದರಂತೆ ಒಂದು ಇರುವುದಿಲ್ಲ, ಗಂಟೆಗಂಟೆಗೂ ಬದಲಾಗುತ್ತವೆ. ಈ ಕಾರಣಕ್ಕೇ ನ್ಯೂಯಾರ್ಕಿನ ವೈದ್ಯರು ಒತ್ತಡ, ಆಮ್ಲಜನಕ, ಉಸಿರಾಟದ ವೇಗಗಳ ಅಗತ್ಯ ಹತ್ತಿರವಿರುವವರನ್ನೇ ಹುಡುಕಿ ಜೋಡಿ ಮಾಡಿದರು, ಅದೂ ಬೆರಳೆಣಿಕೆಯ ರೋಗಿಗಳಲ್ಲಿ.

ಒಂಟಿಯಾಗಿ ಯಂತ್ರ ಸಿಕ್ಕಿದ್ದರೆ ಬದುಕಬಹುದಾಗಿದ್ದವರನ್ನು ಇನ್ನೊಬ್ಬರೊಂದಿಗೆ ಸೇರಿಸಿ ಇಬ್ಬರನ್ನೂ ಕಳೆದುಕೊಳ್ಳುವ ಭಯವೇ ಆ ಸಂಘಗಳ ವಾದದ ತಿರುಳು, ಮತ್ತು ಅದು ನನಗೆ ಸರಿಯೆನಿಸುತ್ತದೆ. ಜೋಡಿಸುವ ಮೊದಲು ಶಸ್ತ್ರಚಿಕಿತ್ಸಾ ಕೊಠಡಿಯ ಅರಿವಳಿಕೆ ಯಂತ್ರಗಳನ್ನು ವೆಂಟಿಲೇಟರಾಗಿ ಬಳಸುವುದು, ಮೂಗಿನ ಮೂಲಕ ರಭಸದ ಆಮ್ಲಜನಕ ಕೊಡುವುದು, ರೋಗಿಯನ್ನು ಬೋರಲು ಮಲಗಿಸುವುದು, ಇವೆಲ್ಲವನ್ನೂ ಪ್ರಯತ್ನಿಸಿ ಮುಗಿದಿರಬೇಕು.