‘ಗಡ್ಡೆಗೆ ಗುರಿಯಿಟ್ಟ ರಾಮಬಾಣ’ ಲೇಖನದ ಕುರಿತು

ಮಾನ್ಯರೇ,

ಕ್ಯಾನ್ಸರ್ ಔಷಧವನ್ನು ನ್ಯಾನೊಕಣಗಳಲ್ಲಿಟ್ಟು ಗಡ್ಡೆಗೆ ತಲುಪಿಸುವ ವಿಧಾನದ ಬಗ್ಗೆ ಮೂಡಿಗೆರೆಯಿಂದ ನೀವು ಕಳುಹಿಸಿದ ಲೇಖನವನ್ನು ಓದಿದೆ. ಭಾಷೆ ತಿಳಿಯಾಗಿದೆ, ಆದರೂ ಈಗಿರುವ ರೂಪದಲ್ಲಿ ಅದನ್ನು ನಮ್ಮ ಹಾಸನದ ಪತ್ರಿಕೆಯಲ್ಲಿ ಅಚ್ಚು ಮಾಡಲಾರೆ.

ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದಿರುವುದರಿಂದ ಅವುಗಳ ಗೋಡೆ ಸಡಿಲವಾಗಿರುತ್ತದೆ, ಆರೋಗ್ಯವಂತ ನಾಳಗಳಿಂದ ಹೊರಬೀಳದ ದೊಡ್ಡ ಕಣಗಳೂ ಅಲ್ಲಿ ಸೋರಿ ಉಳಿದುಕೊಳ್ಳುತ್ತವೆ ಎಂದು 1986ರಲ್ಲಿ ಜಪಾನಿನ ಮತ್ಸುಮುರಾ ಮತ್ತು ಮಯೇದಾ ತೋರಿಸಿದ್ದನ್ನು ಸರಿಯಾಗಿಯೇ ವಿವರಿಸಿದ್ದೀರಿ. ಅದರ ಬೆನ್ನಿಗೇ ‘ಹೀಗೆ ಔಷಧವೆಲ್ಲ ಗಡ್ಡೆಯನ್ನೇ ಸೇರುತ್ತದೆ’ ಎಂದು ಬರೆದಿರುವುದು ತಪ್ಪು. ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಚುಚ್ಚಿದ ಕಣಗಳಲ್ಲಿ ಗಡ್ಡೆಯನ್ನು ಮುಟ್ಟುವುದು ಮಧ್ಯಾಂಕದ ಲೆಕ್ಕದಲ್ಲಿ ಶೇ 0.7 ಮಾತ್ರ. ಉಳಿದದ್ದು ಎಲ್ಲಿ ಹೋಯಿತು ಎಂಬುದನ್ನೇ ನೀವು ಬರೆಯಬೇಕಿತ್ತು. ಪಿತ್ತಜನಕಾಂಗ ಮತ್ತು ಗುಲ್ಮದ ಭಕ್ಷಕ ಕೋಶಗಳು ಅದರಲ್ಲಿ ಬಹಳಷ್ಟನ್ನು ನುಂಗುತ್ತವೆ. ಕಣಗಳ ಮೇಲೆ ಹಚ್ಚುವ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರ್ ಹೊದಿಕೆ ಈ ನುಂಗುವಿಕೆಯನ್ನು ತಡವಾಗಿಸುತ್ತದೆಯೇ ಹೊರತು ತಪ್ಪಿಸುವುದಿಲ್ಲ. ಗಡ್ಡೆಯೊಳಗಿನ ದ್ರವದ ಒತ್ತಡವೂ ಕಣಗಳನ್ನು ಒಳಕ್ಕೆ ಬಿಡಗೊಡದು. ಇನ್ನು, ಇಲಿಯಲ್ಲಿ ಕೆಲವೇ ವಾರಗಳಲ್ಲಿ ಬೆಳೆಸಿದ ಗಡ್ಡೆಯ ನಾಳಗಳು ಸೋರಿದಷ್ಟು ಮನುಷ್ಯರಲ್ಲಿ ನಿಧಾನವಾಗಿ ಬೆಳೆದ ಗಡ್ಡೆಯವು ಸೋರಬೇಕೆಂದಿಲ್ಲ.

ಹಾಗೆಂದು ವಿಷಯವನ್ನು ಕೈಬಿಡಬೇಡಿ. ನೀವು ಅರ್ಧ ಸಾಲಿನಲ್ಲಿ ಮುಗಿಸಿರುವ ಡಾಕ್ಸಿಲ್ ಎಂಬ ನ್ಯಾನೊ ಔಷಧ ಲೇಖನದ ನಡುಮನೆಯಲ್ಲಿರಬೇಕು. 1995ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇದರಲ್ಲಿ, ಸುಮಾರು 100 ನ್ಯಾನೊಮೀಟರ್ ಗಾತ್ರದ ಕೊಬ್ಬಿನ ಚೀಲದೊಳಗೆ ಡಾಕ್ಸೊರುಬಿಸಿನ್ ಎಂಬ ಹಳೆಯ ಕ್ಯಾನ್ಸರ್ ಔಷಧ ಇರುತ್ತದೆ. ಹರಡಿದ ಸ್ತನ ಕ್ಯಾನ್ಸರಿನಲ್ಲಿ ಅದು ಚೀಲವಿಲ್ಲದ ಹಳೆಯ ರೂಪಕ್ಕಿಂತ ಹೆಚ್ಚೇನೂ ಗುಣ ಕೊಡಲಿಲ್ಲ. ಅಷ್ಟೇ ಗುಣ ಕೊಟ್ಟು ಹೃದಯಕ್ಕಾಗುವ ಹಾನಿಯನ್ನು ಬಹಳ ಕಡಿಮೆ ಮಾಡಿತು. ಅದರ ಜೊತೆಗೆ ಅಂಗೈ, ಅಂಗಾಲು ಕೆಂಪೇರಿ ಸುಲಿಯುವ ತೊಂದರೆಯನ್ನೂ ತಂದಿತು. ನ್ಯಾನೊಕಣದಿಂದ ರೋಗಿಗೆ ಇದುವರೆಗೆ ಸಿಕ್ಕಿರುವ ಲಾಭ ಹೆಚ್ಚಾಗಿ ಈ ಬಗೆಯದು, ಮತ್ತು ಅದು ಸಣ್ಣದೇನಲ್ಲ.

‘ಅಡ್ಡಪರಿಣಾಮವೇ ಇಲ್ಲದ ಚಿಕಿತ್ಸೆ’ ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಮನೆಯವರನ್ನು ಕರೆದುಕೊಂಡು ಬೆಂಗಳೂರಿನ ಕಿದ್ವಾಯಿಗೆ ಹೋಗಿಬರುವವರು ನಮ್ಮ ಓದುಗರಲ್ಲಿದ್ದಾರೆ. ಅಂಥ ಸಾಲನ್ನು ಅವರು ಕತ್ತರಿಸಿಟ್ಟುಕೊಂಡು ವೈದ್ಯರ ಮುಂದೆ ಹಿಡಿಯುತ್ತಾರೆ. ಚಿನ್ನದ ಕಣ, ಕಾಂತೀಯ ಕಣಗಳ ಉದ್ದನೆಯ ಪಟ್ಟಿಯೂ ಬೇಡ. ಬದಲಿಗೆ, ನೀರಿನಲ್ಲಿ ಕರಗದ ಪ್ಯಾಕ್ಲಿಟಾಕ್ಸೆಲ್ ಎಂಬ ಕ್ಯಾನ್ಸರ್ ಔಷಧವನ್ನು ಅಲರ್ಜಿ ತರುವ ದ್ರಾವಕವಿಲ್ಲದೆ ಕೊಡಲು 2005ರಲ್ಲಿ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನಿನ ಕಣಗಳು ಬಂದದ್ದನ್ನು ಒಂದು ಪ್ಯಾರಾದಲ್ಲಿ ಹೇಳಿ. ಇಷ್ಟಾದ ಮೇಲೆ ‘ರಾಮಬಾಣ’ ಶೀರ್ಷಿಕೆ ತಾನಾಗಿಯೇ ಉದುರುತ್ತದೆ.

ತಿದ್ದಿದ ಪ್ರತಿಯನ್ನು ಒಬ್ಬ ಕ್ಯಾನ್ಸರ್ ತಜ್ಞರಿಗೆ ತೋರಿಸಿ, ಬಳಿಕ ನನಗೆ ಕಳುಹಿಸಿ.

ಇತಿ,
ಸಂಪಾದಕ