ಕಾಕಾ, ಒಂದು ಮಾತು ಕೇಳ್ಲೇನ್ರಿ?

(ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವರು, ಈಗ ಹಳೇ ಹುಬ್ಬಳ್ಳಿಯ ಮನೆಕಟ್ಟೆಯಲ್ಲಿ ಕೂತು ಓಣಿಯವರ ಅರ್ಜಿ ಬರೆದುಕೊಡುವವರು, ನಮ್ಮ ‘ಕಂಡಕ್ಟರ್ ಕಾಕಾ’. ಈ ಸಲ ಮನೆ, ಬಸ್ಸು, ಕೂಲಿಯ ಪ್ರಶ್ನೆಗಳಿಗೆ ಅವರ ಉತ್ತರ.)

ಪ್ರಶ್ನೆ: ಕಾಕಾರಿಗೆ ನಮಸ್ಕಾರ. ನಮ್ಮದು ನಾಲಾ ದಂಡಿ ಮ್ಯಾಲಿನ ಓಣಿ. ಅರವತ್ತರ ಮ್ಯಾಲೆ ಮನಿ ಅದಾವು. ಹೋದ ತಿಂಗಳು ಯಾರೋ ಇಬ್ಬರು ಬಂದು ಟೇಪ್ ಹಿಡದು ಅಳತಿ ಮಾಡಿ, ‘ಇವೆಲ್ಲಾ ಹೋಗ್ತಾವ’ ಅಂತ ಬಾಯಿಲೆ ಹೇಳಿ ಹೋದರು. ಅವತ್ತಿನಿಂದ ನಿದ್ದಿಲ್ಲ. ಇನ್ನೊಬ್ಬಾಂವ ಹಕ್ಕುಪತ್ರ ಮಾಡಿಸಿ ಕೊಡ್ತೀನಂತ ಮನಿಗೆ ಐದುನೂರು ರೂಪಾಯಿ ಎತ್ತಾಕತ್ತಾನ. ಕೊಡೂದೋ ಬ್ಯಾಡೋ?
– ಹೆಸರು ಹಾಕಬ್ಯಾಡ್ರಿ ಎಂದವರು, ಹುಬ್ಬಳ್ಳಿ

ಉತ್ತರ: ಯವ್ವಾ, ಮೊದಲು ಐದುನೂರರ ಮಾತು ಮುಗಿಸೋಣ. ಕೊಡಬೇಡಿ. ಈಗಾಗಲೇ ಕೊಟ್ಟವರು ರಸೀದಿ ಕೇಳಲಿ. ಟಿಕೆಟ್ ಹರಿಯದೆ ದುಡ್ಡು ಜೇಬಿಗಿಳಿಸುವ ಕಂಡಕ್ಟರನಿಗೆ ನೀವು ಏನನ್ನುತ್ತೀರೋ, ರಸೀದಿ ಕೊಡದವನಿಗೂ ಅದನ್ನೇ ಅನ್ನಿ.

ಇನ್ನು ಮನೆ. ‘ಅರವತ್ತರ ಮ್ಯಾಲೆ’ ಎಂದು ಬರೆದಿದ್ದೀರಿ. ಮೇಲೆ ಎಂದರೆ ಎಷ್ಟು? ಅರವತ್ತೊಂದೋ, ಎಂಬತ್ತೋ? ನನ್ನ ಕೆಲಸದಲ್ಲಿ ‘ಬಸ್ ತುಂಬೇತಿ ಸಾಹೇಬ್ರ’ ಎಂದರೆ ಚೆಕಿಂಗ್‌ನವರು ನಗುತ್ತಿದ್ದರು. ಎಷ್ಟು ತಲೆ, ಎಷ್ಟು ಟಿಕೆಟ್, ಟಿಕೆಟ್ ಲೆಕ್ಕದ ಹಾಳೆ ಅಂದರೆ ವೇ ಬಿಲ್‌ನಲ್ಲಿ ಏನು ಬರೆದಿದ್ದೀ, ಇಷ್ಟೇ ಅವರ ಪ್ರಶ್ನೆ. ಕಚೇರಿಯೂ ಹಾಗೇ. ಟೇಪ್ ಹಿಡಿದು ಬಂದವರ ಕೈಯಲ್ಲಿ ಅಳತೆ ಇದೆ, ನಿಮ್ಮ ಕೈಯಲ್ಲಿ ಇಲ್ಲ. ಹೆದರಿಕೆ ಹುಟ್ಟುವುದೇ ಅಲ್ಲಿ.

ಇನ್ನೂರು ಪುಟದ ನೋಟ್‌ಬುಕ್ ಒಂದು ತನ್ನಿ. ಓಣಿಯಲ್ಲಿ ಪಿಯುಸಿ ಓದಿದ ಹುಡುಗಿಯರು ಇಬ್ಬರು ಸಿಕ್ಕೇ ಸಿಗುತ್ತಾರೆ. ಹುಡುಗರಿಗೆ ಕೊಟ್ಟರೆ ಮೂರನೇ ದಿನ ನೋಟ್‌ಬುಕ್ ಕ್ರಿಕೆಟ್ ಸ್ಕೋರಿಗೆ ಹೋಗುತ್ತದೆ, ನನ್ನ ಅನುಭವ. ಮೊದಲ ಪುಟದಲ್ಲಿ ಓಣಿಯ ನಕ್ಷೆ: ನಾಲಾ ಎಲ್ಲಿ, ನಳ ಎಲ್ಲಿ, ಕಂಬ ಎಲ್ಲಿ. ಆಮೇಲೆ ಮನೆಗೊಂದು ಪುಟ. ಯಾವ ವರ್ಷದಿಂದ ಇದ್ದಾರೆ, ಎಷ್ಟು ಜನ, ಏನು ದುಡಿಮೆ, ಯಾವ ಕಾಗದ ಇದೆ. ರೇಷನ್ ಕಾರ್ಡ್, ವೋಟರ್ ಕಾರ್ಡ್ ಎಲ್ಲರೂ ತೋರಿಸುತ್ತಾರೆ. ಹೆಸ್ಕಾಂನ ಹಳೆಯ ಕರೆಂಟ್ ಬಿಲ್ಲು, ಮಕ್ಕಳ ಶಾಲೆಯ ದಾಖಲಾತಿ, ಅಂಗನವಾಡಿಯ ಲಸಿಕೆ ಕಾರ್ಡು ಮಾತ್ರ ಟ್ರಂಕಿನ ತಳದಲ್ಲಿರುತ್ತವೆ. ಅವನ್ನೂ ತೆಗೆಸಿ. ಹದಿನೈದು ವರ್ಷದ ಹಿಂದೆ ಇದೇ ವಿಳಾಸಕ್ಕೆ ಕೂಸಿಗೆ ಪೋಲಿಯೊ ಹಾಕಿದ್ದಾರೆ ಎಂದರೆ, ಆ ಕೂಸು ಆಗ ಇಲ್ಲೇ ಇತ್ತು ಎಂದು ಸರಕಾರವೇ ಬರೆದುಕೊಟ್ಟಂತೆ.

ಒಂದು ಜಗಳ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ‘ಬಾಡಿಗಿ ಇದ್ದವರನ್ನ ಯಾಕ ಬರೀತೀರಿ? ಅವರು ಇವತ್ತು ಇಲ್ಲಿ, ನಾಳೆ ಎಲ್ಲೋ’ ಎನ್ನುತ್ತಾರೆ. ಬರೆಯಿರಿ. ನಾನು ಹುಟ್ಟಿದ್ದು ಚಾಳಿನ ಹತ್ತಡಿ ಖೋಲಿಯಲ್ಲಿ. ಅಪ್ಪ ಇಪ್ಪತ್ತೆರಡು ವರ್ಷ ಬಾಡಿಗೆ ಕಟ್ಟಿದ, ಒಂದು ಚೀಟಿಯೂ ಇರಲಿಲ್ಲ. ಚಾಳು ಕೆಡವಿದಾಗ ಯಾರ ಪಟ್ಟಿಯಲ್ಲೂ ನಮ್ಮ ಹೆಸರಿರಲಿಲ್ಲ. ಮಳೆಗಾಲದಲ್ಲಿ ಅವ್ವ ಒಲೆಗುಂಡು ಹೊತ್ತುಕೊಂಡು ತವರಿಗೆ ನಡೆದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮನೆಯವರ ಹಕ್ಕು ಬೇರೆ, ಬಾಡಿಗೆಯವರ ಹಕ್ಕು ಬೇರೆ ಇರಬಹುದು. ಪಟ್ಟಿ ಮಾತ್ರ ಒಂದೇ ಇರಲಿ.

ಈ ಮುದುಕ ಪಟ್ಟಿ ಪಟ್ಟಿ ಎಂದು ಯಾಕೆ ಬಡಕೊಳ್ಳುತ್ತಾನೆ ಎಂದರೆ ಮುಂಬೈಯ ಕಥೆ ಕೇಳಿ. ಫುಟ್‌ಪಾತಿನ ಮೇಲೆ ಗುಡಿಸಲು ಹಾಕಿಕೊಂಡವರ ಪರವಾಗಿ ಓಲ್ಗಾ ಟೆಲಿಸ್ ಎಂಬ ಪತ್ರಕರ್ತೆ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 1985ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಹೊಟ್ಟೆಪಾಡಿನ ಹಕ್ಕು ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದಿತು. ಭಾಷಣ ಮಾಡುವವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಅದೇ ತೀರ್ಪು, ಕ್ರಮಬದ್ಧವಾಗಿ ಗುಡಿಸಲು ತೆರವು ಮಾಡಬಹುದು ಎಂದೂ ಹೇಳಿತು. ಬೇರೆ ಜಾಗ ಕೊಡಬೇಕು ಎಂದದ್ದು ಯಾರಿಗೆ ಗೊತ್ತೇ? 1976ರ ಗಣತಿಯಲ್ಲಿ ಹೆಸರು ಬರೆಸಿಕೊಂಡವರಿಗೆ. ಪಕ್ಕದ ಗುಡಿಸಲಿನಲ್ಲಿದ್ದು ಗಣತಿಯ ದಿನ ಕೂಲಿಗೆ ಹೋದವನ ಗತಿ ನೀವೇ ಯೋಚಿಸಿ.

ನಮ್ಮ ರಾಜ್ಯದಲ್ಲಿ 1973ರ ಕೊಳಚೆ ಪ್ರದೇಶಗಳ ಕಾಯ್ದೆ ಇದೆ. ಅದರ 3ನೇ ಕಲಮಿನಡಿ ನಿಮ್ಮ ಓಣಿ ಕೊಳಚೆ ಪ್ರದೇಶವೆಂದು ‘ಘೋಷಿತ’ ಆಗಿದೆಯೋ ಇಲ್ಲವೋ, ಅದು ಮೊದಲು ಗೊತ್ತಾಗಬೇಕು. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಕೇಳಿ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯ, 150 ಪದ ದಾಟಬಾರದು. ಅತ್ತೂ ಕರೆದೂ ನಾಲ್ಕು ಪುಟ ಬರೆದರೆ ಅದೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ವಾರ್ಡ್ ನಂಬರ್ ಹೊಸದನ್ನೇ ಹಾಕಿ. ಹುಬ್ಬಳ್ಳಿ-ಧಾರವಾಡದಲ್ಲಿ ಮೊದಲು 67 ವಾರ್ಡ್ ಇದ್ದವು, ಈಗ 82. ಹಳೇ ನಂಬರಿನ ಅರ್ಜಿ ಊರೆಲ್ಲ ತಿರುಗಿ ಯಾರದೋ ಮೇಜಿನ ಕೆಳಗೆ ಮಲಗುತ್ತದೆ.

ನಾಲಾ ದಂಡೆ ಎಂದಿದ್ದೀರಿ. ಅಲ್ಲೇ ಹಕ್ಕುಪತ್ರ ಸಿಕ್ಕೇ ಸಿಗುತ್ತದೆ ಎಂದು ನಾನು ಸುಳ್ಳು ಹೇಳಲಾರೆ. ಮಳೆ ನೀರು ಹರಿಯುವ ಜಾಗದ ತಕರಾರೇ ಬೇರೆ. ಆದರೆ ಎಬ್ಬಿಸುವುದಾದರೆ ಎಲ್ಲಿಗೆ, ಮಕ್ಕಳ ಶಾಲೆ ಎಷ್ಟು ದೂರ, ಬೆಳಗ್ಗೆ ಆರಕ್ಕೆ ಪಾತ್ರೆ ತೊಳೆಯಲು ಹೋಗುವವರಿಗೆ ಅಲ್ಲಿಂದ ಬಸ್ ಇದೆಯೇ, ಇವನ್ನು ಕೇಳಲು ಆ ನೋಟ್‌ಬುಕ್ ಬೇಕು. ಹತ್ತು ಜನ ಒಟ್ಟಿಗೆ ಹೋಗಿ ಅರ್ಜಿ ಕೊಡಿ, ಪ್ರತಿಯ ಮೇಲೆ ಸಿಕ್ಕಾ ಹಾಕಿಸಿಕೊಂಡೇ ಬನ್ನಿ. ಓಣಿಯ ಸಭೆ ಸಂಜೆ ಏಳಕ್ಕೆ ಇಡಬೇಡಿ, ಅದು ರೊಟ್ಟಿ ಬಡಿಯುವ ಹೊತ್ತು. ಆಗ ಬರುವವರೆಲ್ಲ ಗಂಡಸರು, ಮಾತಾಡುವವರೆಲ್ಲ ಗಂಡಸರು, ಮರುದಿನ ಕಚೇರಿಗೆ ಬರುವವರು ಯಾರೂ ಇಲ್ಲ.

ಪ್ರಶ್ನೆ: ಹುಬ್ಬಳ್ಳಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ರಾತ್ರಿ ಒಂಬತ್ತಕ್ಕೆ ಬಿಡುತ್ತಾರೆ. ಚಿಗರಿ ಬಸ್ಸು ನವನಗರದವರೆಗೆ ತಂದು ಬಿಡುತ್ತದೆ. ಅಲ್ಲಿಂದ ನಮ್ಮ ಬಡಾವಣೆಗೆ ಎರಡು ಕಿಲೋಮೀಟರ್, ಆ ಹೊತ್ತಿಗೆ ಬಸ್ಸಿಲ್ಲ. ಆಟೊಕ್ಕೆ ಕೊಟ್ಟರೆ ದಿನದ ಸಂಬಳದಲ್ಲಿ ಏನುಳಿಯುತ್ತದೆ? ಒಬ್ಬಳೇ ಹೋಗಿ ಕೇಳಿದೆ, ‘ಜನಾ ಇಲ್ಲ, ಕಲೆಕ್ಷನ್ ಇಲ್ಲ’ ಅಂದರು.
– ಓದುಗಿ, ನವನಗರ

ಉತ್ತರ: ತಂಗೀ, ಚಿಗರಿ ಒಳ್ಳೆಯ ಬಸ್ಸು. 2018ರ ಅಕ್ಟೋಬರಿನಲ್ಲಿ ಓಡಾಟ ಶುರುವಾದಾಗ ನಾನೂ ಮೊಮ್ಮಗನನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ, ಪೇಢಾ ಕಟ್ಟಿಸಿಕೊಂಡು ಅದೇ ಬಸ್ಸಿಗೆ ಬಂದೆ. ಇಪ್ಪತ್ತೆರಡು ಕಿಲೋಮೀಟರ್, ನಡುರಸ್ತೆಯಲ್ಲಿ ಅದಕ್ಕೇ ಬೇರೆ ದಾರಿ. ಆದರೆ ಆ ದಾರಿಯ ಎಡಬಲಕ್ಕೆ ಇರುವವರದು ನಿಮ್ಮ ಪಾಡು. ಚಿಗರಿಯಿಂದ ಇಳಿದ ಮೇಲೆ ಕಾಲೇ ಗತಿ.

‘ಜನಾ ಇಲ್ಲ’ ಎಂಬ ಮಾತು ನನ್ನ ಬಾಯಲ್ಲೂ ಬಂದಿದೆ, ಮುಚ್ಚಿಡುವುದಿಲ್ಲ. ಬ್ಯಾಡಗಿ ಕಡೆಯ ರೂಟಿನಲ್ಲಿದ್ದಾಗ ಸಂಜೆಯ ಒಂದು ಟ್ರಿಪ್ಪಿಗೆ ಕಲೆಕ್ಷನ್ ಬೀಳುತ್ತಿರಲಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ದಾರಿಯ ಒಂದು ಊರಿಂದ ಬಹಳ ಬರುತ್ತಿದ್ದರು. ಅವರು ಹತ್ತಿದರೆ ಬಸ್ ತುಂಬ ಸೀನು. ಆದರೆ ಒಂದು ಸ್ಟೇಜಿನ ದುಡ್ಡು ಉಳಿಸಲು ಮುಂದಿನ ಊರಿನ ತನಕ ನಡೆದು ಅಲ್ಲಿ ಹತ್ತುತ್ತಿದ್ದರು. ನನ್ನ ವೇ ಬಿಲ್‌ನಲ್ಲಿ ಅವರ ಊರಿನ ಎದುರಿಗೆ ಮೂರು, ನಾಲ್ಕು. ಟ್ರಿಪ್ ತೆಗೆಯುವ ಮಾತು ಬಂತು. ‘ಏನ್ರೀ ಕಂಡಕ್ಟರ್ರ, ನಾಳಿಂದ ಬಸ್ ಇಲ್ಲಂತ, ಹೌದೇನ್ರಿ?’ ಎಂದಳು ಒಬ್ಬ ಮುದುಕಿ. ‘ನಿಮ್ಮೂರಾಗ ಜನಾನ ಇಲ್ಲಲ್ಲ ಯವ್ವಾ’ ಎಂದೆ. ಅವಳು ಮಾತಾಡಲಿಲ್ಲ. ಮರುದಿನದಿಂದ ಅವರ ಊರ ತಂಗುದಾಣದ ಗೋಡೆಯ ಮೇಲೆ ಇದ್ದಿಲಿನ ಗೀಟು ಬೀಳತೊಡಗಿದವು, ಒಬ್ಬೊಬ್ಬ ಹೆಣ್ಣುಮಗಳಿಗೆ ಒಂದೊಂದು. ಹದಿನೈದು ದಿನಕ್ಕೆ ಗೋಡೆ ಕಪ್ಪಾಯಿತು. ಯಾರೂ ನಡೆದು ಹೋಗಲಿಲ್ಲ, ಎಲ್ಲರೂ ಅಲ್ಲೇ ಹತ್ತಿದರು. ಸಾಹೇಬರು ಬಂದು ಗೋಡೆ ನೋಡಿದರು, ನನ್ನ ವೇ ಬಿಲ್ ನೋಡಿದರು. ಟ್ರಿಪ್ ಉಳಿಯಿತು.

ಈಗ ಗೋಡೆ ಬೇಡ, ಮೊಬೈಲ್ ಇದೆ. ಒಂಬತ್ತೂವರೆಗೆ ನವನಗರದಲ್ಲಿ ಇಳಿದು ನಿಮ್ಮ ಕಡೆ ನಡೆಯುವವರು ಎಷ್ಟು? ಬಟ್ಟೆ ಅಂಗಡಿಯವರು, ಆಸ್ಪತ್ರೆಯ ಆಯಾಗಳು, ಹೋಟೆಲಿನವರು. ಎರಡು ವಾರ ಎಣಿಸಿ, ಸಮಯ ಹಾಕಿ ಬರೆದಿಡಿ. ಇನ್ನೊಂದು ಮಾತು. 2023ರ ಜೂನ್ 11ರಿಂದ ‘ಶಕ್ತಿ’ ಬಂದಿದೆ. ಬಹಳ ಹೆಣ್ಣುಮಕ್ಕಳು ‘ಪುಕ್ಕಟೆ ಐತೆಲ್ಲ’ ಎಂದು ಶೂನ್ಯ ಟಿಕೆಟ್ ಇಸಿದುಕೊಳ್ಳುವುದಿಲ್ಲ, ಇಸಿದುಕೊಂಡರೂ ಎಲ್ಲಿಂದ ಎಲ್ಲಿಗೆ ಎಂದು ಸರಿಯಾಗಿ ಹೇಳುವುದಿಲ್ಲ. ಹಾಗೆ ಮಾಡಬೇಡಿ. ನಿಮಗದು ಸೊನ್ನೆ, ಸಂಸ್ಥೆಗೆ ಅಲ್ಲ. ಸರಕಾರ ಸಾರಿಗೆಗೆ ದುಡ್ಡು ತುಂಬಿಕೊಡುವುದು ಆ ಟಿಕೆಟಿನ ಲೆಕ್ಕದ ಮೇಲೆ. ನೀವು ಟಿಕೆಟ್ ಬಿಟ್ಟರೆ ಆ ರೂಟಿನಲ್ಲಿ ನೀವು ಹತ್ತೇ ಇಲ್ಲ. ಹಗಲಿನ ಬಸ್ಸುಗಳಲ್ಲೂ ಕೇಳಿ ಇಸಿದುಕೊಳ್ಳಿ, ರಾತ್ರಿಯ ಬಸ್ ಕೇಳಲು ಅದೇ ಆಧಾರ.

ಅಂಗಡಿಯ ಮಾಲೀಕರ ಸಹಿಯನ್ನೂ ಹಾಕಿಸಿ. ಕೆಲಸದವರು ಹೊತ್ತಿಗೆ ಬಂದು ಹೊತ್ತಿಗೆ ಮನೆ ಸೇರಿದರೆ ಅವರಿಗೂ ಲಾಭವೇ. ಹಾಕದಿದ್ದರೆ ಹದಿನೈದು ನಿಮಿಷ ಮೊದಲು ಬಿಡಿರಿ ಎಂದು ಎಲ್ಲರೂ ಕೂಡಿ ಕೇಳಿ. ಆಗ ಹಾಕುತ್ತಾರೆ.

ಪ್ರಶ್ನೆ: ತರಕಾರಿ ಗಾಡಿ ಇಟ್ಟಿದ್ದೆ. ಗಾಡಿ, ತಕ್ಕಡಿ, ಟೊಮ್ಯಾಟೊ ಎಲ್ಲಾ ಎತ್ತಿಕೊಂಡು ಹೋದರು. ಏನು ಮಾಡಲಿ?
– ವ್ಯಾಪಾರಸ್ಥ, ಹಾವೇರಿ

ಉತ್ತರ: ತಮ್ಮಾ, 2014ರ ಬೀದಿ ವ್ಯಾಪಾರಿಗಳ ಕಾಯ್ದೆ ನಿನ್ನ ಕಡೆ ಇದೆ. ಎತ್ತಿದ ಸಾಮಾನಿನ ಪಟ್ಟಿ ಬರೆದು ನಿನಗೆ ಕೊಡಬೇಕು. ದಂಡ ಕಟ್ಟಿ ಕೇಳಿದರೆ ಕೊಳೆಯುವ ಮಾಲು ಅವತ್ತೇ, ಗಾಡಿ-ತಕ್ಕಡಿ ಎರಡು ಕೆಲಸದ ದಿನದೊಳಗೆ ವಾಪಸ್ ಬರಬೇಕು. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವ ತನಕ ವ್ಯಾಪಾರಸ್ಥರನ್ನು ಎಬ್ಬಿಸಬಾರದು, ಆಮೇಲೂ ಮೂವತ್ತು ದಿನದ ನೋಟಿಸ್ ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಸ್ಥರೇ ಇರಬೇಕು, ಅದೂ ಆರಿಸಿ ಬಂದವರು. ನಿಮ್ಮ ಊರಲ್ಲಿ ಆ ಸದಸ್ಯರು ಯಾರು ಎಂದು ಅಕ್ಕಪಕ್ಕದ ಗಾಡಿಯವರನ್ನು ಕೇಳು. ಯಾರಿಗೂ ಗೊತ್ತಿಲ್ಲದಿದ್ದರೆ ನಿನ್ನ ಕೆಲಸ ಅಲ್ಲಿಂದ ಶುರು.

ಪ್ರಶ್ನೆ: ಗೌಂಡಿ ಕೆಲಸ. ದಿನಾ ನಾಕಾದಲ್ಲಿ ನಿಂತು ಕರೆದವರ ಕೂಡ ಹೋಗುತ್ತೇನೆ. ಕಾರ್ಮಿಕರ ಕಾರ್ಡಿಗೆ ತೊಂಬತ್ತು ದಿನದ ಕೆಲಸ ತೋರಿಸು ಅನ್ನುತ್ತಾರೆ. ಒಬ್ಬ ಮಾಲೀಕನಿಲ್ಲದವನು ಏನು ತೋರಿಸಲಿ?
– ಬೆಟಗೇರಿ

ಉತ್ತರ: ಅಂಗಿ ಜೇಬಿನಲ್ಲಿ ಸಣ್ಣ ಡೈರಿ ಇಟ್ಟುಕೊಳ್ಳಪ್ಪ. ದಿನಾಂಕ, ಯಾರ ಮನೆ, ಏನು ಕೆಲಸ, ಎಷ್ಟು ಪಗಾರ. ಸಾಧ್ಯವಿದ್ದಲ್ಲಿ ಮನೆಯವರ ಒಂದು ಸಹಿ. ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ, ವಯಸ್ಸು ಹದಿನೆಂಟರಿಂದ ಅರವತ್ತು. ಡೈರಿಯೊಂದೇ ಸಾಲದು, ದೃಢೀಕರಣ ಪತ್ರ ಬೇಕು. ಆದರೆ ದೃಢೀಕರಿಸುವವನ ಮುಂದೆ ಬರಿಗೈಲಿ ನಿಲ್ಲುವುದಕ್ಕೂ ಡೈರಿ ಇಟ್ಟು ನಿಲ್ಲುವುದಕ್ಕೂ ಅಂತರವಿದೆ. ನಾಕಾದವರೆಲ್ಲ ಒಂದೇ ದಿನ ಹೋಗಿ. ಏಜೆಂಟರಿಗೆ ಕೊಡುವ ದುಡ್ಡು ಉಳಿಯುತ್ತದೆ, ಗಿರ್ಮಿಟ್-ಮಿರ್ಚಿಗೆ ಆಯಿತು.

ಪ್ರಶ್ನೆ: ಕಾಕಾ, ನಿಮ್ಮ ಅಂಕಣ ಓದಿ ಬೇಸರ ಬಂದಿದೆ. ಎಲ್ಲದಕ್ಕೂ ‘ಎಣಿಸಿ, ಬರೆಯಿರಿ’. ಬೀದಿಗಿಳಿಯದೆ ಏನಾದರೂ ಸಿಕ್ಕಿದ್ದುಂಟೆ?
– ವಿದ್ಯಾರ್ಥಿ, ಧಾರವಾಡ

ಉತ್ತರ: ಇಳೀಬ್ಯಾಡ್ರಿ ಎಂದು ನಾನೆಲ್ಲಿ ಅಂದೆ? ರೈಲ್ವೆ ವಲಯ ಹುಬ್ಬಳ್ಳಿಗೆ ಬೇಕೆಂದು ಊರಿಗೆ ಊರೇ ಬೀದಿಗಿಳಿದಾಗ ನಾನೂ ಇದ್ದೆ. 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲೇ ಶುರುವಾಯಿತು. ಆದರೆ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಏನಾಯಿತು, ಓದಿ ನೋಡು. ಈಗ ಅದು ಹಾವೇರಿ ಜಿಲ್ಲೆ, ಆಗ ನಿಮ್ಮ ಧಾರವಾಡವೇ. ದನ ಮೇಯುವ, ಸೌದೆ ಆಯುವ ಊರ ಜಾಗದಲ್ಲಿ ರೇಯಾನ್ ನೂಲಿನ ಕಾರ್ಖಾನೆಗೆ ಬೇಕಾದ ತಿರುಳಿಗಾಗಿ ನೀಲಗಿರಿ ನೆಟ್ಟಿದ್ದರು. ಜನ ಸೇರಿದರು. ಸಾಲುಗಟ್ಟಲೆ ಗಿಡಗಳಿದ್ದವು, ಸಿಟ್ಟೂ ಇತ್ತು. ಕಿತ್ತದ್ದು ಸುಮಾರು ನೂರು ಸಸಿ. ಕಿತ್ತ ಜಾಗದಲ್ಲಿ ಊರಿಗೆ ಬೇಕಾದ ಸಸಿ ಹಚ್ಚಿದರು. ‘ಕಿತ್ತಿಕೋ-ಹಚ್ಚಿಕೋ’ ಎಂದೇ ಅದಕ್ಕೆ ಹೆಸರು. ಇನ್ನೊಂದು ಕಡೆ ಕೋರ್ಟಿನಲ್ಲಿ ಕೇಸ್ ನಡೆದಿತ್ತು, ಅಲ್ಲಿಗೆ ಬೇಕಾದ ಕಾಗದಪತ್ರ ಯಾರೋ ರಾತ್ರಿಯೆಲ್ಲ ಕೂತು ಜೋಡಿಸುತ್ತಿದ್ದರು. ಘೋಷಣೆ ಕೂಗಿದವರ ಫೋಟೊ ಉಳಿದಿದೆ. ಇವರ ಫೋಟೊ ಯಾರೂ ತೆಗೆಯಲಿಲ್ಲ. ನಿನಗೆ ಗಂಟಲು ಚೆನ್ನಾಗಿದ್ದರೆ ಕೂಗು, ಅದೂ ಬೇಕು.

ಪ್ರಶ್ನೆ: ಆರು ತಿಂಗಳ ಹಿಂದೆ ನಿಮಗೆ ಬರೆದಿದ್ದೆ. ಲೆಕ್ಕ ಬರೆದುಕೊಟ್ಟ ಮೇಲೆ ನಮ್ಮ ಬಡಾವಣೆಗೆ ಬೆಳಗ್ಗೆ 7.40ರ ಬಸ್ ಬಂತು. ಈಗ ಊರೆಲ್ಲ ಅದೇ ಬಸ್ಸಿಗೆ ಬರುತ್ತಾರೆ. ಕೂಡಲು ಜಾಗವಿಲ್ಲ. ನಿಮ್ಮ ಮಾತು ಕೇಳಿ ಸೀಟು ಕಳಕೊಂಡೆ.
– ಓದುಗ, ಹುಬ್ಬಳ್ಳಿ

ಉತ್ತರ: ನಿಂತವರು ಎಷ್ಟು ಜನ, ಅದನ್ನು ಬರೆದೇ ಇಲ್ಲವಲ್ಲ?